ಅಣುತ್ಯಾಜ್ಯದಿಂದ ವಜ್ರದ ಬ್ಯಾಟರಿ: ನೂರು ವರ್ಷಗಳ ಹಾದಿ

ಅಣುತ್ಯಾಜ್ಯದ ಬ್ಯಾಟರಿಯಲ್ಲಿ ಏನೂ ಉರಿಯುವುದಿಲ್ಲ, ಏನೂ ತಿರುಗುವುದಿಲ್ಲ. ವಿಕಿರಣಶೀಲ ವಸ್ತು ಕ್ಷಯಿಸುವಾಗ ಸಿಡಿಯುವ ಬೀಟಾ ಕಣಗಳು ಅರೆವಾಹಕಕ್ಕೆ ಬಡಿದು ವಿದ್ಯುತ್ ಹರಿಸುತ್ತವೆ. ಸೌರಫಲಕದಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಈ ಕಣಗಳು ಮಾಡುತ್ತವೆ.

ಇದರ ಬೀಜ ಬಿದ್ದದ್ದು 1913ರಲ್ಲಿ. ಇಂಗ್ಲೆಂಡಿನ ಹೆನ್ರಿ ಮೋಸ್ಲಿ, ಒಳಮೈಗೆ ಬೆಳ್ಳಿ ಬಳಿದ ಗಾಜಿನ ಗೋಳದ ನಡುವೆ ರೇಡಿಯಂ ಇಟ್ಟು, ಅದರ ಕಣಗಳಿಂದಲೇ ವಿದ್ಯುದಾವೇಶ ಪಡೆದರು. ಎರಡು ವರ್ಷಗಳ ಬಳಿಕ ಗಲಿಪೊಲಿಯ ಯುದ್ಧಭೂಮಿಯಲ್ಲಿ ಅವರು ಮಡಿದಾಗ ವಯಸ್ಸು ಬರೀ 27.

1954ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಅಣುವಿದಳನದ ಉಳಿಕೆಯಾದ ಸ್ಟ್ರಾನ್ಷಿಯಂ-90 ಅನ್ನು ಅರೆವಾಹಕದೊಡನೆ ಜೋಡಿಸಿ ಬ್ಯಾಟರಿ ಮಾಡಿ ತೋರಿಸಿತು. ಆದರೆ ಅದರ ಕಣಗಳ ಹೊಡೆತಕ್ಕೆ ಅರೆವಾಹಕದ ಹರಳೇ ಹಾಳಾಗುತ್ತಿತ್ತು. 1970ರ ದಶಕದಲ್ಲಿ ಲ್ಯಾರಿ ಓಲ್ಸನ್ ಮತ್ತು ಸಂಗಡಿಗರು ಮೆದು ಕಣಗಳ ಪ್ರೊಮೀಥಿಯಂ-147 ಅನ್ನು ಆರಿಸಿಕೊಂಡರು. ಅದೂ ವಿದಳನದ ಉಳಿಕೆಯೇ. ಅವರ ‘ಬೀಟಾಸೆಲ್’ ಹೃದಯದ ಪೇಸ್‌ಮೇಕರ್‌ಗಳಿಗೆ ಶಕ್ತಿ ಕೊಟ್ಟಿತು. ಆದರೆ ಪ್ರೊಮೀಥಿಯಂ 2.6 ವರ್ಷಗಳಲ್ಲೇ ಅರ್ಧಕ್ಕಿಳಿಯುತ್ತದೆ. ಅಷ್ಟರಲ್ಲಿ ಅಗ್ಗದ, ಬಾಳಿಕೆಯ ಲಿಥಿಯಂ ಸೆಲ್ ಬಂದಿತು. ತ್ಯಾಜ್ಯವೂ ಕಚ್ಚಾವಸ್ತು ಎಂಬುದು ರೋಗಿಗಳ ಎದೆಯೊಳಗೇ ಸಾಬೀತಾಗಿದ್ದರೂ ಆ ಅರಿವು ದಶಕಗಳ ಕಾಲ ಮೂಲೆ ಸೇರಿದ್ದು ದೊಡ್ಡ ನಷ್ಟ.

ಅದಕ್ಕೆ ಮರುಜೀವ ಕೊಟ್ಟದ್ದು ಬ್ರಿಟನ್ನಿನ ಗ್ರಾಫೈಟ್. 1956ರಲ್ಲಿ ಶುರುವಾದ ಕಾಲ್ಡರ್ ಹಾಲ್ ಮತ್ತು ಆ ಬಳಿಕದ ಸ್ಥಾವರಗಳಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಗ್ರಾಫೈಟ್ ಇಟ್ಟಿಗೆಗಳನ್ನು ಪೇರಿಸಿದ್ದರು. ವರ್ಷಗಟ್ಟಲೆ ನ್ಯೂಟ್ರಾನ್ ತಾಗಿದ ಇಟ್ಟಿಗೆಗಳಲ್ಲಿ ಕಾರ್ಬನ್-14 ಹುಟ್ಟಿತು. ಅಲ್ಲಿ ಇಂಥ ಗ್ರಾಫೈಟ್ ಸುಮಾರು 95,000 ಟನ್ ಇದೆ. ಕಾರ್ಬನ್-14 ಅರ್ಧವಾಗಲು 5,730 ವರ್ಷ ಬೇಕು. ಕಾಯುವವರಿಗೆ ಅದೇ ತಲೆನೋವು.

2016ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಟಾಮ್ ಸ್ಕಾಟ್ ತಂಡ ಆ ದೀರ್ಘಾಯುಷ್ಯವನ್ನೇ ಬಂಡವಾಳವಾಗಿಸುವ ದಾರಿ ಮುಂದಿಟ್ಟಿತು. ಕಾರ್ಬನ್-14 ಹೆಚ್ಚಾಗಿ ಇಟ್ಟಿಗೆಗಳ ಮೇಲ್ಮೈಯಲ್ಲಿರುವುದರಿಂದ ಕಾಯಿಸಿ ಅದನ್ನು ಅನಿಲವಾಗಿ ಹೊರತೆಗೆಯಬಹುದು. ಆ ಅನಿಲದಿಂದ ಕೃತಕ ವಜ್ರ ಬೆಳೆಸಬಹುದು. ವಜ್ರವೇ ಇಂಧನ, ವಜ್ರವೇ ಅರೆವಾಹಕ. ಮೇಲೊಂದು ಮಾಮೂಲಿ ವಜ್ರದ ಹೊದಿಕೆ ಹಾಕಿದರೆ ಅಲ್ಪದೂರ ಸಾಗುವ ಬೀಟಾ ಕಣಗಳು ಒಳಗೇ ಉಳಿಯುತ್ತವೆ. ಮೊದಲ ಮಾದರಿಯಲ್ಲಿ ಬಳಸಿದ್ದು ನಿಕಲ್-63. ಕಾರ್ಬನ್-14ರದೇ ಬ್ಯಾಟರಿ ಸಿದ್ಧವಾದ ಸುದ್ದಿಯನ್ನು ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು.

ಬ್ರಿಸ್ಟಲ್ ತಂಡದ ಲೆಕ್ಕದಲ್ಲಿ ಒಂದು ಗ್ರಾಂ ಕಾರ್ಬನ್-14 ದಿನಕ್ಕೆ 15 ಜೌಲ್ ಕೊಡುತ್ತದೆ. 20 ಗ್ರಾಂನ ಆಲ್ಕಲೈನ್ ಎಎ ಸೆಲ್ ಹಿಡಿದಿಡುವುದು ಸುಮಾರು 14,000 ಜೌಲ್. ಅಷ್ಟು ಶಕ್ತಿ ಕೊಡಲು ಆ ಒಂದು ಗ್ರಾಂಗೆ ಎರಡೂವರೆ ವರ್ಷ ಬೇಕು. ಕೊಟ್ಟ ಮೇಲೂ ಅದು ಸಾವಿರಾರು ವರ್ಷ ನಿಲ್ಲದೆ ಕೊಡುತ್ತಲೇ ಇರುತ್ತದೆ. ಹೀಗಾಗಿ ಇದು ಮೊಬೈಲಿಗೋ ಕಾರಿಗೋ ಒದಗುವುದಿಲ್ಲ. ಪೇಸ್‌ಮೇಕರ್, ಶ್ರವಣಸಾಧನ, ಬಾಹ್ಯಾಕಾಶದ ಉಪಕರಣಗಳಂಥ, ಸೆಲ್ ಬದಲಿಸುವುದು ಕಷ್ಟವಾದ ಕಡೆಗೆ ಹೊಂದುತ್ತದೆ. ಗ್ರಾಫೈಟಿನ ರಾಶಿಯೂ ಇದರಿಂದ ಕರಗದು. ಆದರೆ ಕಾರ್ಬನ್-14 ತೆಗೆದಷ್ಟೂ ಉಳಿದ ಇಟ್ಟಿಗೆಗಳ ವಿಕಿರಣ ತಗ್ಗುತ್ತದೆ, ಅವನ್ನು ಕಾಪಿಡುವ ಹೊರೆ ಹಗುರಾಗುತ್ತದೆ.