ಕೆಂಪು ಪೆಟ್ಟಿಗೆಗೆ ದಾವಣಗೆರೆಯ ಬೆಸುಗೆ

1981ರಲ್ಲಿ ಅಮೆರಿಕದ ಬಾರು, ಪಿಜ್ಜಾ ಅಂಗಡಿಗಳಿಗೆ ಬಂದ ‘ಡಾಂಕಿ ಕಾಂಗ್’ ವಿಡಿಯೊ ಗೇಮ್ ಯಂತ್ರಗಳು ಬಹುಪಾಲು ನೀಲಿ. ಮೊದಮೊದಲು ಬಂದವು ಮಾತ್ರ ಕೆಂಪು. ಹಳೇ ಯಂತ್ರಗಳ ಹುಚ್ಚು ಹತ್ತಿದವರು ಈ ಕೆಂಪು ಕಂಡರೆ ಚೌಕಾಸಿ ಮರೆಯುತ್ತಾರೆ. ಅಂಥದೊಂದು ಪೆಟ್ಟಿಗೆ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿ, ದಾವಣಗೆರೆ ಮೂಲದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಗ್ಯಾರೇಜಿನಲ್ಲಿದೆ. ಯಾರದೋ ಮನೆಯ ಒದ್ದೆ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ತಂದು ಮತ್ತೆ ಉಸಿರಾಡುವಂತೆ ಮಾಡಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪೆಟ್ಟಿಗೆಗೆ ಸುರಿದ ದುಡ್ಡಿನ ಪೂರ್ತಿ ಲೆಕ್ಕವನ್ನು ಮನೆಯಲ್ಲಿ ಇನ್ನೂ ಒಪ್ಪಿಸಿಲ್ಲವಂತೆ.

ಕೆಂಪಿನ ಹಿಂದೊಂದು ಕಥೆಯಿದೆ. ಜಪಾನಿನ ನಿಂಟೆಂಡೊ ಕಂಪನಿ 1980ರಲ್ಲಿ ಅಮೆರಿಕದಲ್ಲಿ ಶಾಖೆ ತೆರೆದು, ಅಧ್ಯಕ್ಷ ಹಿರೋಶಿ ಯಮೌಚಿಯ ಅಳಿಯ ಮಿನೋರು ಅರಕಾವಾಗೆ ಅದನ್ನು ವಹಿಸಿತು. ಅಳಿಯ ಧೈರ್ಯ ಮಾಡಿ ‘ರೇಡಾರ್ ಸ್ಕೋಪ್’ ಎಂಬ ಬಾಹ್ಯಾಕಾಶ ಕಾಳಗದ ಆಟದ ಸುಮಾರು 3,000 ಯಂತ್ರ ತರಿಸಿದ. ಹಡಗಿನಲ್ಲಿ ಅವು ಬಂದು ತಲುಪುವಷ್ಟರಲ್ಲಿ ಜನಕ್ಕೆ ಆ ಬಗೆಯ ಆಟ ಬೇಸರವಾಗಿತ್ತು. ಸುಮಾರು ಸಾವಿರ ಖರ್ಚಾದವು, ಉಳಿದ ಎರಡು ಸಾವಿರ ಗೋದಾಮಿನಲ್ಲೇ ಉಳಿದವು. ಅವನ್ನು ಹೇಗಾದರೂ ಮಾರಲು ಹೊಸ ಆಟ ಬೇಕೆಂದಾಗ ಆ ಕೆಲಸ ಬಿದ್ದದ್ದು ಚಿತ್ರ ಬರೆಯುತ್ತಿದ್ದ ಶಿಗೆರು ಮಿಯಾಮೊಟೊ ಎಂಬ ಯುವಕನ ಹೆಗಲಿಗೆ. ಪೀಪಾಯಿ ಉರುಳಿಸುವ ದೈತ್ಯ ಗೊರಿಲ್ಲಾ, ಏಣಿ ಹತ್ತಿ ಹುಡುಗಿಯನ್ನು ಬಿಡಿಸಿಕೊಳ್ಳಲು ಹೊರಟ ಬಡಗಿ, ಇಷ್ಟೇ ಆಟ. ಜಪಾನಿನಿಂದ ಬಂದ ಹೊಸ ಬೋರ್ಡುಗಳನ್ನು ಅರಕಾವಾ, ಅವನ ಹೆಂಡತಿ ಯೋಕೊ ಮತ್ತು ಬೆರಳೆಣಿಕೆಯ ಸಹೋದ್ಯೋಗಿಗಳು ಕೂತು ಹಳೇ ಕೆಂಪು ಪೆಟ್ಟಿಗೆಗಳಿಗೆ ಜೋಡಿಸಿದರು. ಆ ಬಡಗಿಗೆ ಮಾರಿಯೊ ಎಂಬ ಹೆಸರು ಬಂದದ್ದು ಗೋದಾಮಿನ ಮಾಲೀಕ ಮಾರಿಯೊ ಸೆಗಾಲಿಯಿಂದ. ಜಗತ್ತಿನ ಅತಿ ಪ್ರಸಿದ್ಧ ಆಟವೊಂದು ಶುರುವಾದದ್ದೇ ರಿಪೇರಿ ಕೆಲಸದಲ್ಲಿ ಎನ್ನಬಹುದು.

ನಿಂಟೆಂಡೊದ ಅಮೆರಿಕ ಕಚೇರಿ ಈಗ ಇರುವುದೂ ರೆಡ್ಮಂಡ್‌ನಲ್ಲೇ. ಡಾಂಕಿ ಕಾಂಗ್ ದಾಖಲೆಯ ಬೆನ್ನುಬಿದ್ದು 2007ರ ‘ದಿ ಕಿಂಗ್ ಆಫ್ ಕಾಂಗ್’ ಸಾಕ್ಷ್ಯಚಿತ್ರದ ನಾಯಕನಾದ ಸ್ಟೀವ್ ವೀಬಿ ಅಭ್ಯಾಸ ಮಾಡಿದ್ದೂ ಇದೇ ಊರಿನ ತನ್ನ ಗ್ಯಾರೇಜಿನಲ್ಲಿ. ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಇದ್ಯಾವುದೂ ಅಲ್ಲ, ಪೆಟ್ಟಿಗೆಯೊಳಗಿನ ಪಿಕ್ಚರ್ ಟ್ಯೂಬು.

ಈ ಎಂಜಿನಿಯರ್ ಅವರ ತಂದೆ ದಾವಣಗೆರೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವರು. ಡಾಂಕಿ ಕಾಂಗ್ ಬಂದ ಮರುವರ್ಷ, 1982ರಲ್ಲಿ, ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಟಿ.ವಿ. ಬಂತಲ್ಲ, ಅಲ್ಲಿಂದ ಆ ಅಂಗಡಿಯ ಭಾಗ್ಯ ತೆರೆಯಿತು. ಶಾಲೆ ಬಿಟ್ಟ ಮೇಲೆ ಮಗ ಅಲ್ಲೇ ಕೂತು ಬೆಸುಗೆ ಹಾಕುವುದು ಕಲಿತ. ಊರಿನ ವಿಡಿಯೊ ಗೇಮ್ ಪಾರ್ಲರಿನವರೂ ಕೆಟ್ಟ ಮಾನಿಟರುಗಳನ್ನು ಅಲ್ಲಿಗೇ ತರುತ್ತಿದ್ದರು. ಕೂಲಿಯ ಜತೆ ಹುಡುಗನಿಗೆ ಒಂದಷ್ಟು ಟೋಕನ್ ಪುಕ್ಕಟೆ. ನಾವೆಲ್ಲ ‘ಮುಸ್ತಫಾ’ ಎಂದೇ ಕರೆಯುತ್ತಿದ್ದ, ಕ್ಯಾಪ್‌ಕಾಮ್ ಕಂಪನಿಯ 1993ರ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಆಟವನ್ನು ಅವರು ಕೊನೆ ಮುಟ್ಟಿಸಿದ್ದು ಆ ಟೋಕನ್ನುಗಳ ಬಲದಿಂದ.

ಟ್ಯೂಬಿನ ಹತ್ತಿರ ಹೋಗುವಾಗ ಅವರ ನಡೆನುಡಿಯೇ ಬದಲಾಗುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನೊಳಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ವಿದ್ಯುತ್ ಉಳಿದಿರಬಹುದು. ಮೇಲುಮೈಯ ರಬ್ಬರ್ ಟೊಪ್ಪಿಗೆಯ ಕೆಳಗೆ ಅದು ಅಡಗಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ಲೋಹಕ್ಕೆ ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಸುತ್ತಿರುವ ಅರ್ಥ್ ಹೆಣಿಗೆಗೆ ಕಟ್ಟಿ, ಟೊಪ್ಪಿಗೆಯ ಅಡಿಗೆ ಮೆಲ್ಲಗೆ ತೂರಿಸುತ್ತಾರೆ. ಚಟ್ ಎಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಏಕೆಂದರೆ ಗಾಜಿನಲ್ಲಿ ಉಳಿದದ್ದು ಮರಳಿ ಕೂಡಿಕೊಳ್ಳುವುದುಂಟು. “ಟ್ಯೂಬ್ ಮುಟ್ಟೋವಾಗ ಒಂದು ಕೈ ಜೇಬಿನಾಗಿರಬೇಕು ಅಂತಿದ್ರು ಅಪ್ಪಾಜಿ” ಎನ್ನುತ್ತಾ ಎಡಗೈ ಜೇಬಿಗಿಳಿಸಿದರು. ಎರಡೂ ಕೈ ತಾಗಿದರೆ ವಿದ್ಯುತ್ ಎದೆಯನ್ನು ಹಾದೇ ಹೋಗುತ್ತದೆ. ಇದನ್ನು ಓದಿ ಯಾರೂ ಮನೆಯ ಹಳೇ ಟಿ.ವಿ. ಬಿಚ್ಚಲು ಹೋಗಬೇಡಿ, ಇದು ಗುರುವಿನ ಪಕ್ಕ ನಿಂತು ಕಲಿಯುವ ಕೆಲಸ.

ಆಮೇಲೆ ಬೋರ್ಡು. ನಲವತ್ತು ವರ್ಷ ದಾಟಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಒಳಗೆ ಒಣಗಿರುತ್ತವೆ. ಅದರಿಂದಲೇ ಚಿತ್ರ ನಡುಗುವುದು, ಅಂಚು ಒಳಗೆಳೆದುಕೊಳ್ಳುವುದು. ಅವನ್ನೆಲ್ಲ ಪ್ಲಸ್ಸು ಮೈನಸ್ಸು ತಪ್ಪದಂತೆ ಬದಲಿಸಬೇಕು. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ, ಟ್ಯೂಬಿಗೆ ಹೈ ವೋಲ್ಟೇಜ್ ಒದಗಿಸುವ ಟ್ರಾನ್ಸ್‌ಫಾರ್ಮರ್, ಅಂದರೆ ಎಲ್‌ಓಟಿಯ ಕಾಲುಗಳ ಸುತ್ತ ಬೆಸುಗೆ ಉಂಗುರದಾಕಾರದಲ್ಲಿ ಬಿರುಕು ಬಿಟ್ಟಿರುತ್ತದೆ. ಮೆಕ್ಯಾನಿಕರು ‘ಡ್ರೈ ಸೋಲ್ಡರ್’ ಎನ್ನುವ ಈ ರೋಗ ಭೂತಗನ್ನಡಿ ಹಿಡಿದರಷ್ಟೇ ಕಾಣುತ್ತದೆ. ಟ್ಯೂಬು ಮಂಕಾಗಿದ್ದರೆ ಎಲ್‌ಓಟಿಯ ಮೇಲೆ ಇನ್ನೊಂದು ಸುತ್ತು ತಂತಿ ಸುತ್ತಿ ಹೀಟರ್‌ಗೆ ಕೊಂಚ ಹೆಚ್ಚು ವೋಲ್ಟೇಜ್ ಕೊಡುವ ಉಪಾಯವೂ ದಾವಣಗೆರೆಯದೇ. ಎಲ್ಲ ಮುಗಿದ ಮೇಲೆ ನೇರ ಪ್ಲಗ್ಗಿಗೆ ಹಾಕುವುದಿಲ್ಲ. ಒಂದು ಹಲಗೆಯ ಮೇಲೆ ಹೋಲ್ಡರ್ ಕೂರಿಸಿ ಮಾಡಿದ ಸೀರೀಸ್ ಬಲ್ಬಿನ ಮೂಲಕ ಮೊದಲು ಕರೆಂಟು. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಅಂಥ ಹಲಗೆ ನಮ್ಮೂರುಗಳ ಟಿ.ವಿ. ಅಂಗಡಿಯಲ್ಲೆಲ್ಲ ಇರುತ್ತಿತ್ತು.

ನಿಂಟೆಂಡೊ ಪೆಟ್ಟಿಗೆಗೆ ಒಂದು ವಿಶೇಷ ತಂಟೆಯೂ ಉಂಟು. ಅದರ ಸಾನ್ಯೊ ಮಾನಿಟರು ಜಪಾನಿನ 100 ವೋಲ್ಟ್ ಲೆಕ್ಕದ್ದು, ಹಾಗಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ. ಆಟದ ಬೋರ್ಡು ಕಳಿಸುವ ಬಣ್ಣದ ಸಂಕೇತ ತಲೆಕೆಳಗಾಗಿರುವುದರಿಂದ ಬೇರೆ ಮಾನಿಟರ್ ಜೋಡಿಸಿದರೆ ಚಿತ್ರ ಫೋಟೊ ನೆಗೆಟಿವ್‌ನಂತೆ ಬರುತ್ತದೆ. ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಕೂಡ ಮಾನಿಟರಿನಲ್ಲೇ ಇರುವುದರಿಂದ ಅದು ಹೋದರೆ ಆಟವೂ ಮೂಕ. ಟ್ಯೂಬು ಉಳಿಸಿಕೊಳ್ಳಲು ಇವರು ಇಷ್ಟು ಒದ್ದಾಡಿದ್ದು ಅದಕ್ಕೇ.

ಮರಗೆಲಸದ ಬಗ್ಗೆ ಅವರಿಗೆ ಹೇಳುವ ಉತ್ಸಾಹ ಕಡಿಮೆ. ನೀರು ಕುಡಿದು ಉಬ್ಬಿದ್ದ ತಳದ ಹಲಗೆ ಕತ್ತರಿಸಿ ಹೊಸದನ್ನು ಕೂರಿಸಿ, ಪುಟ್ಟಿ ತುಂಬಿ, ಉಪ್ಪುಕಾಗದ ಉಜ್ಜಿದ್ದಾರೆ. ಅಂಚಿನ ಪ್ಲಾಸ್ಟಿಕ್ ಪಟ್ಟಿ ಹೊಸದು. ಪಕ್ಕದ ಕೆಂಪಿಗೆ ಮಾತ್ರ ಬ್ರಷ್ ತಾಗಿಸಿಲ್ಲ. ಸಿಗರೇಟು ಇಟ್ಟು ಸುಟ್ಟ ಗುರುತು, ಯಾರೋ ಮೊಳೆಯಲ್ಲಿ ಗೀಚಿದ ಇನಿಷಿಯಲ್ಲು ಹಾಗೇ ಇವೆ. ಬಣ್ಣ ಬಳಿದು ಮಿಂಚಿಸಿದ ಯಂತ್ರಗಳನ್ನು ಕಂಡು ಬೇಸತ್ತಿರುವ ನನಗೆ ಇದೇ ಸರಿ ಅನಿಸಿತು.

ಬಹಳ ಜನ ಈಗ ಮಾಡುವುದು ಬೇರೆ. ನಿಕೋಲಾ ಸಾಲ್ಮೊರಿಯಾ ಎಂಬ ಇಟಲಿಯವರು 1997ರಲ್ಲಿ ಶುರುಮಾಡಿದ ‘ಮೇಮ್’ ಎಂಬ ತಂತ್ರಾಂಶದಲ್ಲಿ ಸಾವಿರಾರು ಹಳೇ ಆಟಗಳು ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುತ್ತವೆ. ಅದರ ಉಪಕಾರ ದೊಡ್ಡದು, ಎಷ್ಟೋ ಆಟಗಳು ಉಳಿದಿರುವುದೇ ಅದರಿಂದ. ಆದರೆ ಅದನ್ನು ಹಾಕುವ ನೆಪದಲ್ಲಿ ಹಳೇ ಪೆಟ್ಟಿಗೆಯ ಹೊಟ್ಟೆ ಬಗೆದು, ಟ್ಯೂಬು ಎಸೆದು, ಎಲ್‌ಸಿಡಿ ಪರದೆ ಸಿಕ್ಕಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಸ ಪ್ಲೈವುಡ್ಡಿನಲ್ಲಿ ಬೇಕಾದಷ್ಟು ಪೆಟ್ಟಿಗೆ ಮಾಡಿಸಬಹುದು. ಟ್ಯೂಬು ಮಾಡುತ್ತಿದ್ದ ಕಾರ್ಖಾನೆಗಳು ನಮ್ಮ ದೇಶದಲ್ಲೂ ಹೊರಗೂ ಹೆಚ್ಚುಕಡಿಮೆ ಎಲ್ಲ ಬಾಗಿಲು ಹಾಕಿವೆ. ಅಮೆರಿಕದಲ್ಲಾದರೂ ಇಂಥ ಯಂತ್ರಗಳಿಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಸ್ಟ್ರಾಂಗ್ ಆಟಿಕೆ ಮ್ಯೂಸಿಯಂ, ನ್ಯೂ ಹ್ಯಾಂಪ್‌ಶೈರ್‌ನ ಫನ್‌ಸ್ಪಾಟ್ ಇವೆ. ನಮ್ಮ ಪಾರ್ಲರುಗಳ ಪೆಟ್ಟಿಗೆಗಳೋ, ಆಟ ನಿಂತ ದಿನವೇ ಸೌದೆಯಾದವು ಇಲ್ಲವೆ ಗುಜರಿ ಸೇರಿದವು.

ದಾವಣಗೆರೆಯ ಆ ಅಂಗಡಿ ಈಗ ಮೊಬೈಲ್ ಕವರ್ ಮಾರುತ್ತದೆ. ತಂದೆಗೆ ಕಣ್ಣು ಮಂಜಾಗಿದೆ. ಆದರೂ ಭಾನುವಾರಗಳಲ್ಲಿ ಮಗ ವಿಡಿಯೊ ಕರೆ ಮಾಡಿ ಬೋರ್ಡಿಗೆ ಕ್ಯಾಮೆರಾ ಹಿಡಿದರೆ, “ಆ ಮೂಲ್ಯಾಗಿನ ಕಾಲು ಇನ್ನೊಮ್ಮಿ ಕಾಯಿಸು” ಎಂದು ಇಲ್ಲಿಂದಲೇ ಹೇಳುತ್ತಾರೆ.

ನಿಮ್ಮ ಊರಿನ ಯಾವುದಾದರೂ ಗೋದಾಮಿನಲ್ಲೋ ಹಳೇ ಟಾಕೀಸಿನ ಮೂಲೆಯಲ್ಲೋ ವಿಡಿಯೊ ಗೇಮ್ ಪೆಟ್ಟಿಗೆ ಉಳಿದಿದ್ದರೆ ಗುಜರಿಯವನನ್ನು ಕರೆಯುವ ಮುಂಚೆ ಒಂದು ಕೆಲಸ ಮಾಡಿ. ಟ್ಯೂಬು, ಬೋರ್ಡು, ವೈರಿಂಗು ಮೂರನ್ನೂ ಬೇರ್ಪಡಿಸದೆ ಒಣ ಜಾಗದಲ್ಲಿಡಿ, ಹಿಂಬದಿ ಬಾಗಿಲು ನೀವಾಗಿ ತೆರೆಯಬೇಡಿ. ಪಿಕ್ಚರ್ ಟ್ಯೂಬಿನ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರು ಹತ್ತಿರದ ಪೇಟೆಯಲ್ಲಿ ಇನ್ನೂ ಇದ್ದಾರು, ಅವರನ್ನು ಕರೆದು ತೋರಿಸಿ.