ಸೂಜಿಗೆ ದಾರ ಪೋಣಿಸಿಕೊಡಿ

ಪರೀಕ್ಷೆಯ ದಿನ ಬೆಳಗ್ಗೆ ಅವಸರದಲ್ಲಿ ಅಂಗಿ ತೊಡುವಾಗ ಗುಂಡಿ ಕಿತ್ತು ಕೈಗೆ ಬಂತೆನ್ನಿ. ನೀವೇನು ಮಾಡುತ್ತೀರಿ? ಮನೆಯಲ್ಲಿದ್ದರೆ ‘ಅಮ್ಮಾ’ ಎಂದು ಕೂಗಬಹುದು. ಹಾಸ್ಟೆಲಿನಲ್ಲಿದ್ದರೆ ಪಿನ್ನು ಚುಚ್ಚಿಕೊಂಡು ಹೊರಡಬೇಕು. ಒಂದು ಸೂಜಿ, ಒಂದು ಮೊಳ ದಾರ, ಐದು ನಿಮಿಷ ಸಾಕಾಗುವ ಕೆಲಸ ಇದು. ಹತ್ತು ಹದಿನೈದು ವರ್ಷ ಶಾಲೆ ಕಾಲೇಜುಗಳಲ್ಲಿ ಓದಿಯೂ ಇಷ್ಟಕ್ಕೆ ನಾವು ಇನ್ನೊಬ್ಬರ ಕೈ ಕಾಯುತ್ತೇವೆ.

ನಮ್ಮ ಹಳೆಯ ಮನೆಗಳಲ್ಲಿ ಬಟ್ಟೆಗೆ ಮೂರು ನಾಲ್ಕು ಜನ್ಮಗಳಿದ್ದವು. ಸೀರೆ ಹರಿದರೆ ತೇಪೆ. ತೇಪೆ ನಿಲ್ಲದಷ್ಟು ಸವೆದರೆ ಕೌದಿಯ ಪದರ. ಅದೂ ಚಿಂದಿಯಾದರೆ ಅಡುಗೆಮನೆಯ ಮಸಿಬಟ್ಟೆ. ಈ ವಿದ್ಯೆ ಬಲ್ಲ ಅಜ್ಜಿ, ದೊಡ್ಡಮ್ಮ, ಬೀದಿಯ ದರ್ಜಿ ಇಂದಿಗೂ ನಮ್ಮ ನಡುವೆ ಇದ್ದಾರೆ. ಪುಸ್ತಕವಾದರೆ ಕಪಾಟಿನಲ್ಲಿ ನೂರು ವರ್ಷ ಕಾದೀತು; ಕೈಯಲ್ಲಿರುವ ವಿದ್ಯೆ ಹಾಗೆ ಕಾಯುವುದಿಲ್ಲ. ಒಂದು ತಲೆಮಾರು ಕೇಳದೆ ಹೋದರೆ ಅದು ಅಲ್ಲಿಗೇ ನಿಂತುಹೋಗುತ್ತದೆ.

ಮೊದಲು ಬಟ್ಟೆಯನ್ನು ಓದಿ

ಸೂಜಿ ಹಿಡಿಯುವ ಮೊದಲು ಒಂದು ಭೂತಕನ್ನಡಿ ಹಿಡಿಯಿರಿ. ನಿಮ್ಮ ಹತ್ತಿ ಅಂಗಿಯ ಬಟ್ಟೆಯಲ್ಲಿ ಉದ್ದಕ್ಕೆ ಓಡುವ ಎಳೆಗಳು ಕಾಣುತ್ತವೆ. ಅವು ಹಾಸು. ಅವುಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯುವ ಅಡ್ಡ ಎಳೆಗಳು ಹೊಕ್ಕು. ‘ಹಾಸುಹೊಕ್ಕು’ ಎಂದು ದಿನವೂ ಆಡುವ ಮಾತು ಮಗ್ಗದಿಂದ ಬಂದದ್ದು. ಈಗ ಒಂದು ಸ್ವೆಟರನ್ನು ನೋಡಿ. ಅಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ದಾರ ಕುಣಿಕೆ ಕುಣಿಕೆಯಾಗಿ, ಒಂದರೊಳಗೊಂದು ಸಿಕ್ಕಿಕೊಂಡು ನಿಂತಿದೆ. ಬನಿಯನ್, ಟೀ ಷರ್ಟ್, ಕಾಲುಚೀಲ ಕೂಡ ಯಂತ್ರದಲ್ಲಿ ಹೀಗೆಯೇ ಹೆಣೆದವು. ಎಳೆದರೆ ಹಿಗ್ಗುವುದು ಈ ಕುಣಿಕೆಗಳಿಂದಲೇ.

ಹರಿದದ್ದನ್ನು ಸರಿಪಡಿಸುವ ಬಗೆಯೂ ಇದರಿಂದ ತಿಳಿಯುತ್ತದೆ. ನೇಯ್ದ ಬಟ್ಟೆಯಲ್ಲಿ ತೂತು ಬಿದ್ದರೆ ರಫೂ ಮಾಡುವವರು ಮೊದಲು ತೂತಿನ ಉದ್ದಕ್ಕೆ ಹಾಸಿನಂತೆ ಎಳೆಗಳನ್ನು ಕಟ್ಟುತ್ತಾರೆ. ಆಮೇಲೆ ಸೂಜಿಯಿಂದ ಅಡ್ಡಲಾಗಿ, ಒಂದೆಳೆ ಬಿಟ್ಟು ಒಂದೆಳೆ ಎತ್ತಿ, ಹೊಕ್ಕನ್ನು ಸೇರಿಸುತ್ತಾರೆ. ಎಂದರೆ, ಅಂಗುಲದಷ್ಟು ಜಾಗದಲ್ಲಿ ಬಟ್ಟೆಯನ್ನೇ ಮತ್ತೆ ನೇಯುತ್ತಾರೆ. ಸ್ವೆಟರಿನಲ್ಲಿ ಕುಣಿಕೆಯೊಂದು ಜಾರಿದರೆ ಅದರ ಕೆಳಗಿನದೂ ಜಾರಿ, ಏಣಿಯ ಮೆಟ್ಟಿಲಿನಂತೆ ಬಿಚ್ಚುತ್ತಾ ಹೋಗುತ್ತದೆ. ಅಲ್ಲಿ ಮೊದಲ ಕೆಲಸ ಹೊಲಿಗೆಯಲ್ಲ. ಜಾರಿದ ಕುಣಿಕೆಗೆ ಕೂಡಲೇ ಒಂದು ಪಿನ್ನು ಹಾಕಿ ತಡೆಯುವುದು.

ಗುಂಡಿಯ ಪಾಠ

ಕಲಿಕೆ ಗುಂಡಿಯಿಂದ ಆರಂಭವಾಗಲಿ. ಜೋಡಿ ಎಳೆಯ ದಾರಕ್ಕೆ ಗಂಟು ಹಾಕಿ ಬಟ್ಟೆಯ ಹಿಂಬದಿಯಿಂದ ಸೂಜಿ ತನ್ನಿ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿನಿಂದ ದಾರ ಹಾಯುವಂತೆ ನಾಲ್ಕೈದು ಬಾರಿ ಹೊಲಿಯಿರಿ. ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆ ಎತ್ತಿದರೆ ಬಟ್ಟೆಗೂ ಗುಂಡಿಗೂ ನಡುವೆ ಸ್ವಲ್ಪ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ದಾರವನ್ನು ಮೂರು ಸುತ್ತು ಬಿಗಿದು, ಹಿಂದೆ ಗಂಟು ಹಾಕಿ. ಈ ಜಾಗ ಏಕೆ ಬೇಕು? ಗುಂಡಿ ಹಾಕಿದಾಗ ಕಾಜದ ಬಟ್ಟೆ ಅಲ್ಲಿ ಕೂರಬೇಕು. ಜಾಗವಿಲ್ಲದೆ ಬಿಗಿದು ಹೊಲಿದ ಗುಂಡಿ ಪ್ರತಿ ಸಲವೂ ದಾರವನ್ನು ಜಗ್ಗಿ, ಬೇಗ ಕಿತ್ತುಬರುತ್ತದೆ.

ಬಿಚ್ಚುವುದೂ ವಿದ್ಯೆಯೇ

ಮುಂದಿನ ಹೆಜ್ಜೆ ಹೆಣಿಗೆ. ಮೊದಲ ದಿನವೇ ಸ್ವೆಟರಿಗೆ ಕೈ ಹಾಕಬೇಡಿ. ತಿಳಿ ಬಣ್ಣದ, ಸ್ವಲ್ಪ ದಪ್ಪನೆಯ ಉಲ್ಲನ್ ದಾರ ಆರಿಸಿಕೊಳ್ಳಿ; ಕಪ್ಪು ದಾರದಲ್ಲಿ ಕುಣಿಕೆ ಕಣ್ಣಿಗೆ ಕಾಣದು. ಕಡ್ಡಿಗೆ 20 ಕುಣಿಕೆ ಏರಿಸಿ, ಬರೀ ಸೀದಾ ಹೆಣಿಗೆಯಲ್ಲಿ ಒಂದು ಚೌಕ ಹೆಣೆಯಿರಿ. ಪ್ರತಿ ಸಾಲು ಮುಗಿದಾಗಲೂ ಎಣಿಸಿ. 19 ಆದರೆ ಒಂದು ಜಾರಿದೆ, 21 ಆದರೆ ಎಲ್ಲೋ ಒಂದು ಹೆಚ್ಚಾಗಿದೆ. ನಾಚಿಕೆಪಡದೆ ಬಿಚ್ಚಿ, ಮತ್ತೆ ಹೆಣೆಯಿರಿ. ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆ ಕೈಕೆಲಸಕ್ಕೂ ಸಲ್ಲುತ್ತದೆ.

ನಮ್ಮ ನಾಡಿನ ಹೆಸರಾಂತ ಕಲೆಗಳೂ ಇದನ್ನೇ ಹೇಳುತ್ತವೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಎಣಿಕೆ ಒಂದೆಳೆ ತಪ್ಪಿದರೆ ತೇರು ವಾಲುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಯನ್ನು ನೋಡಿ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸುತ್ತಾ, ಒಂದು ಮೂಲೆಯಿಂದ ಹೊರಟು, ಅಂಚಿನ ಸುತ್ತಲೂ ಹೊಲಿದು, ಸುತ್ತು ಸುತ್ತಾಗಿ ಒಳಕ್ಕೆ ಸರಿದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವನ್ನೂ ಕೂಡಿಸುತ್ತಾರೆ. ಹೊಲಿಗೆ ಮಾತ್ರ ನೀವು ಒಂದೇ ದಿನದಲ್ಲಿ ಕಲಿಯಬಹುದಾದ, ಒಳಗೊಮ್ಮೆ ಹೊರಗೊಮ್ಮೆ ಹಾಯುವ ಸರಳ ಹೊಲಿಗೆ. ಸುಲಭದ ಹೊಲಿಗೆಯನ್ನು ತಾಳ್ಮೆಯಿಂದ ಹಾಕುತ್ತಾ ಹೋದರೆ ಹಳೆಯ ತುಂಡುಗಳಿಂದಲೇ ಚಳಿ ತಡೆಯುವ ಹೊದಿಕೆ ಆಗುತ್ತದೆ.

ಕಲಿಸುವವರಿಗೆ ಒಂದು ಮಾತು

ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಇದು ಗೊತ್ತಿರಬಹುದು. ಹಾಗಿದ್ದರೆ ಗೆಳೆಯರಿಗೆ ಕಲಿಸಿ. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರಿಗೆ ಕುಳಿತರೆ ಎಡ ಬಲಗಳು ಅದಲುಬದಲಾಗುತ್ತವೆ. ಪರದೆಯ ಮೇಲೆ ನೋಡಿ ಕಲಿಯುವವರಿಗೆ ಆಗುವ ಗೊಂದಲವೂ ಅನೇಕ ವೇಳೆ ಇದೇ. ಆದರೆ ನೀವು ಬಲಗೈಯವರಾಗಿದ್ದು ಕಲಿಯುವವರು ಎಡಗೈಯವರಾದರೆ ಎದುರಿಗೇ ಕೂರಿಸಿ. ಕನ್ನಡಿಯಲ್ಲಿ ಕಂಡಂತೆ ಅವರಿಗೆ ಸರಿಯಾಗಿ ಕಾಣುತ್ತದೆ. ತಪ್ಪಿದರೆಂದು ಅವರ ಕೈಯಿಂದ ಕಿತ್ತುಕೊಂಡು ನೀವೇ ಮಾಡಿಬಿಡಬೇಡಿ. ಹಾಗೆ ಮಾಡಿದರೆ ಕೆಲಸ ಮುಗಿಯುತ್ತದೆ, ಕಲಿಕೆ ಮುಗಿಯುವುದಿಲ್ಲ.

‘ಇದು ಹುಡುಗಿಯರ ಕೆಲಸ’ ಎಂದು ಯಾರಾದರೂ ನಕ್ಕರೆ ಪೇಟೆಯ ದರ್ಜಿಯನ್ನೂ ರಫೂ ಅಂಗಡಿಯವನನ್ನೂ ತೋರಿಸಿ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನು ಕಲಿಕೆಯ ನಡುವೆ ತಂದಿಟ್ಟಾಗ ಅದು ಎಲ್ಲ ಮಕ್ಕಳಿಗೂ ಎಂದೇ ಹೇಳಿದ್ದು.

ಈ ಭಾನುವಾರ ಒಂದು ಹರಿದ ಬಟ್ಟೆ ಹಿಡಿದು ಮನೆಯ ಹಿರಿಯರ ಪಕ್ಕ ಕುಳಿತುಕೊಳ್ಳಿ. ಅಜ್ಜಿಯ ಕಣ್ಣು ಮಂಜಾಗಿ ಸೂಜಿಯ ಕಣ್ಣು ಕಾಣದಿರಬಹುದು. ಆದರೆ ಆ ಬೆರಳುಗಳಿಗೆ ದಾರಿ ಇನ್ನೂ ಮರೆತಿಲ್ಲ. ‘ಅಜ್ಜಿ, ಹೇಗೆ ಹೊಲಿಯೋದು ಹೇಳಿಕೊಡಿ’ ಎಂದು ಕೇಳಿ, ಸೂಜಿಗೆ ದಾರ ಪೋಣಿಸಿ ಕೈಗೆ ಕೊಡಿ. ಅದೇ ನಿಮ್ಮ ಗುರುದಕ್ಷಿಣೆ.