ಪಾಬಳದ ಬುಧವಾರದ ಕ್ಲಾಸು

ಆನ್‌ಲೈನ್ ಕೋರ್ಸ್ ಮುಗೀತು, ಸರ್ಟಿಫಿಕೇಟೂ ಬಂತು.
ಮಷೀನ್ ಕೆಟ್ಟಾಗ ಮಾತ್ರ ಕೈ ಯಾಕೆ ಓಡಲ್ಲ?

ಉತ್ತರ ಸಿಗೋದು ಒಂದು ಹಳ್ಳಿಯಲ್ಲಿ, ಪುಣೆಯಿಂದ ಸುಮಾರು 70 ಕಿಲೋಮೀಟರ್.
ಪಾಬಳ, ಬರದ ಸೀಮೆ.
1983ರಲ್ಲಿ ಡಾ. ಎಸ್. ಎಸ್. ಕಲಬಾಗ್ ಇಲ್ಲಿ
ವಿಜ್ಞಾನ ಆಶ್ರಮ ಶುರು ಮಾಡಿದ್ರು.
ಹಿಂದೂಸ್ತಾನ್ ಲಿವರ್‌ನಲ್ಲಿದ್ದ ವಿಜ್ಞಾನಿ, ನೋಡಿ!
ಅವರು ಹೇಳಿದ್ದು ಇಷ್ಟೇ: ಮಾಡ್ತಾ ಕಲೀರಿ.

2002ರಲ್ಲಿ ಅಮೆರಿಕದ ಎಂಐಟಿ ಜೊತೆಗೂಡಿ ಫ್ಯಾಬ್ ಲ್ಯಾಬ್ ಬಂತು,
ಅಂದ್ರೆ ಕಂಪ್ಯೂಟರ್ ಮಷೀನ್‌ಗಳಿಂದ ವಸ್ತು ತಯಾರಿಸೋ ಕಾರ್ಯಾಗಾರ.
ಆಮೇಲೆ ಫ್ಯಾಬ್ ಅಕಾಡೆಮಿ ಕೋರ್ಸೂ ಬಂತು.
ಬುಧವಾರ, ಎಂಐಟಿಯ ನೀಲ್ ಗರ್ಶನ್‌ಫೆಲ್ಡ್
ವಿಡಿಯೋದಲ್ಲಿ ಪಾಠ ಮಾಡ್ತಾರೆ.
ಕೋರ್ಸಿಗೆ ಸೇರಿದ ಜಗತ್ತಿನ ಎಲ್ಲ ಲ್ಯಾಬ್‌ಗಳಿಗೂ ಒಂದೇ ಪಾಠ.
ಮಿಕ್ಕ ವಾರವೆಲ್ಲ ಲ್ಯಾಬಲ್ಲೇ ಕೆಲಸ.

ಹೋಳಿಗೆ ವಿಡಿಯೋ ಎಷ್ಟು ಸಲ ನೋಡಿದ್ರೂ
ಕಣಕದ ಹದ ಬೆರಳಿಗೇ ಗೊತ್ತಾಗಬೇಕು, ಅಲ್ವಾ?
ಇಲ್ಲೂ ಅಷ್ಟೇ.

ಸರ್ಕ್ಯೂಟ್ ಬೋರ್ಡ್ ಕೊರೆಯೋ ಬಿಟ್
ಅರ್ಧ ಮಿಲಿಮೀಟರೂ ದಪ್ಪ ಇರಲ್ಲ.
ಬೋರ್ಡ್ ಒಂಚೂರು ಓರೆ ಕೂತರೆ,
ಪಟ್!
ಯಾಕೆ ಮುರೀತು? ವಿಡಿಯೋ ಹೇಳಲ್ಲ.
ಅಳತೆ ನೋಡ್ಬೇಕು, ಪಕ್ಕದವರನ್ನ ಕೇಳ್ಬೇಕು,
ಬೇರೆ ದಾರಿ ಹುಡುಕ್ಬೇಕು.

ಈ ಕೋರ್ಸಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಒಂದಿದೆ.
ವಾರದ ಕೆಲಸವನ್ನ ವೆಬ್‌ನಲ್ಲಿ ಬರೆದು ಹಾಕಬೇಕು.
ಎಡವಟ್ಟಾಗಿದ್ದನ್ನೂ ಸೇರಿಸಿ!
ಯಾರು ಬೇಕಾದ್ರೂ ಓದಬಹುದು.
ಪಾಬಳದಲ್ಲಿ ಕಲಿತವರ ಪುಟಗಳೂ ಅಲ್ಲಿವೆ,
ಹುಡುಕಿ ನೋಡಿ.